ಎರಡು ಸಲ ಕಲಿಸಿದ ಪಾಠ

ಮೊನ್ನೆ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಗೆಂದು ಕಮಲಾಪುರಕ್ಕೆ ಹೋಗಿದ್ದೆ. ಬಸ್ಸಿನಿಂದ ಕಾಲು ಕೆಳಗಿಡುವಷ್ಟರಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಂತು. ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು, "ತಗೋರಿ ಮೇಡಂ, ನಮ್ಮ ತ್ವಾಟದ್ದೇ ಅದ, ಪೌಡರ್ ಹಾಕಿ ಹಣ್ಣು ಮಾಡಿದ್ದಲ್ಲ" ಎಂದಳು. ನಾನು ಹಣ್ಣು ಕೊಳ್ಳಲಿಲ್ಲ, ಸುಮ್ಮನೆ ಬುಟ್ಟಿಯ ಹತ್ತಿರ ನಿಂತೆ. ಹನ್ನೊಂದು ವರ್ಷ ಈ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಅಷ್ಟೂ ವರ್ಷ ಈ ವಾಸನೆಯೊಳಗೇ ಬಸ್ಸು ಇಳಿದಿದ್ದೇನೆ, ಒಂದು ವರ್ಷ ಬಿಟ್ಟು. ಆ ವರ್ಷ ನನ್ನ ಮೂಗು ಸತ್ತಿತ್ತು. ಮೂಗೊಂದೇ ಸತ್ತಿದ್ದರೆ ಇದನ್ನು ಬರೆಯುವ ಉಸಾಬರಿಗೆ ಹೋಗುತ್ತಿರಲಿಲ್ಲ.

ಕೊರೊನಾದ ಎರಡನೆಯ ಅಲೆಯ ಬೇಸಿಗೆ ಅದು. ಕಲಬುರಗಿಯ ಬೇಸಿಗೆಯಲ್ಲಿ ಗಟ್ಟಿಮುಟ್ಟಾದವರೇ ಹೈರಾಣಾಗುತ್ತಾರೆ, ನನಗೆ ಅದರ ಮೇಲೆ ಒಂಬತ್ತು ದಿನ ಜ್ವರ. ಶಹಾಬಜಾರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದೆ. ನಮ್ಮವರು ಬಾಗಿಲ ಹೊರಗೆ ಗಂಜಿಯ ತಟ್ಟೆ ಇಟ್ಟು, ಮೆಟ್ಟಿಲ ಮೇಲೆ ಕುಳಿತು, "ಬೆರಳಿಗೆ ಆಕ್ಸಿಜನ್ ಮಷಿನ್ ಹಚ್ಚಿ ನೋಡಿದೇನು? ಎಷ್ಟು ತೋರಸ್ತು?" ಎಂದು ಕೂಗುತ್ತಿದ್ದರು. ನಾನು ಯಾವಾಗಲೂ ಎರಡು ಹೆಚ್ಚು ಹೇಳುತ್ತಿದ್ದೆ. ಆಸ್ಪತ್ರೆಗೆ ಹೋದವರು ಬರುವುದಿಲ್ಲ ಎಂಬ ಹೆದರಿಕೆ ಆಗ ಎಲ್ಲರಿಗೂ ಇತ್ತು. ನಮ್ಮ ಓಣಿಯಲ್ಲೇ ಇಬ್ಬರು ತೀರಿಕೊಂಡರು. ಒಬ್ಬರು ನನಗಿಂತ ಚಿಕ್ಕವರು, ಮನೆಯಲ್ಲಿ ಎರಡು ಸಣ್ಣ ಮಕ್ಕಳು.

ನಾನು ಉಳಿದೆ. ಕೆಳಗಿಳಿದು ಬಂದ ದಿನ ಓಣಿಯವರೆಲ್ಲ ಬಾಗಿಲಲ್ಲಿ ನಿಂತು, "ಪಾರಾದ್ರಿ ನೋಡ್ರಿ, ದೇವರು ದೊಡ್ಡಾಂವ" ಎಂದರು. ಹಾಗೆ ಹೇಳಿಸಿಕೊಂಡ ಮೇಲೆ, ನಿದ್ದೆ ಬರುತ್ತಿಲ್ಲ ಎಂದು ದೂರುವುದು ಹೇಗೆ? ಎರಡು ಮನೆಯ ದೀಪ ಆರಿರುವಾಗ ನನಗೆ ನಿದ್ದೆಯ ಚಿಂತೆ ಎಂದರೆ ನನಗೇ ನಾಚಿಕೆಯಾಗುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಆಮೇಲಿನ ಎಲ್ಲ ತೊಂದರೆ ಶುರುವಾದದ್ದು ಆ ಬಾಯಿ ಮುಚ್ಚಿಕೊಂಡದ್ದರಿಂದಲೇ.

ನಿದ್ದೆ ಬಾರದಿರುವುದು ಎಂದರೆ ಚಿಂತೆ ಮಾಡುತ್ತಾ ಹೊರಳಾಡುವುದು ಎಂದು ಅದುವರೆಗೆ ತಿಳಿದಿದ್ದೆ. ಇದು ಹಾಗಲ್ಲ. ಚಿಂತೆಯೂ ಇರುತ್ತಿರಲಿಲ್ಲ. ಮೈ ಪೂರ್ತಿ ಸೋತಿರುತ್ತಿತ್ತು, ಕಣ್ಣು ಉರಿಯುತ್ತಿತ್ತು. ಕಣ್ಣು ಮುಚ್ಚಿದರೆ ಒಳಗೆ ಯಾರೋ ಲೈಟು ಹಚ್ಚಿಟ್ಟು ಹೋದ ಹಾಗೆ. ಒಂದು ಗಂಟೆ ಜೊಂಪು ಹತ್ತಿದರೆ ಎದೆ ಡವಡವ ಎಂದು ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ನಮ್ಮವರ ಗೊರಕೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಬೈದುಕೊಂಡು ಸಹಿಸಿದ ಗೊರಕೆಯದು. ಆ ವರ್ಷ ಮಾತ್ರ ಅದನ್ನು ಕೇಳಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಕೊನೆಗೆ ಅವರಿಗೇ ಗೊತ್ತಾಯಿತು. ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು, ಹಾಲಿಗೆ ಗಸಗಸೆ ಹಾಕಿ ಕುಡಿಸಿದರು. ಹಾಲು ಕುಡಿದು ನಾನು ಎಚ್ಚರವೇ ಇದ್ದೆ, ತಿಕ್ಕಿ ತಿಕ್ಕಿ ದಣಿದ ಅವರಿಗೆ ನಿದ್ದೆ ಹತ್ತಿತು.

ಮಳೆಗಾಲದ ನಡುವೆ ಹತ್ತನೆಯ ತರಗತಿ ತೆರೆಯಿತು. ಒಂದೂವರೆ ವರ್ಷ ಮನೆಯಲ್ಲೇ ಉಳಿದ ಮಕ್ಕಳು. ಎಂಟನೆಯದನ್ನು ಪರೀಕ್ಷೆ ಇಲ್ಲದೆ ಮುಗಿಸಿ, ಒಂಬತ್ತನೆಯದನ್ನು ಫೋನಿನಲ್ಲಿ ಓದಿದೆವೆಂದು ಹೇಳಿ, ಹತ್ತಕ್ಕೆ ಬಂದು ಕುಳಿತಿದ್ದವು. ಫೋನು ಎಷ್ಟು ಮನೆಯಲ್ಲಿತ್ತು ಎಂದು ನಾನು ಕೇಳಲಿಲ್ಲ. ಮಾರ್ಚಿಗೆ ಬೋರ್ಡ್ ಪರೀಕ್ಷೆ. ನನ್ನ ಕ್ಲಾಸಿನಲ್ಲಿ ಗಣಿತದಲ್ಲಿ ಒಂದು ಮಗುವೂ ನಪಾಸಾದದ್ದಿಲ್ಲ ಎಂಬುದು ನನ್ನ ಹೆಮ್ಮೆ. ಇನ್ನೊಂದು ಹೆಮ್ಮೆ ಎಂದರೆ ಹಾಜರಿ ಪುಸ್ತಕ ತೆರೆಯದೆ ಎಲ್ಲರ ಹೆಸರನ್ನೂ ವರಸೆಯಾಗಿ ಕೂಗುವುದು. ಅದೊಂದು ಡೌಲು, ಒಪ್ಪಿಕೊಳ್ಳುತ್ತೇನೆ. ಹೊಸ ಮಾಸ್ತರುಗಳು ಬಾಗಿಲಲ್ಲಿ ನಿಂತು ನೋಡಲಿ ಎಂದೇ ದನಿ ಎತ್ತರಿಸಿ ಕೂಗುತ್ತಿದ್ದೆ.

ಮೊದಲ ವಾರವೇ ಅದು ಮುರಿದುಬಿತ್ತು. ನಾಲ್ಕು ಹೆಸರು ಬಂದವು, ಐದನೆಯದಕ್ಕೆ ಬಾಯಿ ತೆರೆದೇ ಇತ್ತು. ಎದುರಿಗೆ ಮಾಸ್ಕು ಹಾಕಿದ ನಲವತ್ತು ಮುಖ. ಮಾಸ್ಕಿನ ಮೇಲೆ ತಪ್ಪು ಹೊರಿಸಿ ಪುಸ್ತಕ ತೆರೆದೆ. ಇನ್ನೊಂದು ದಿನ ಬೆಳಗ್ಗೆ ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕುಳಿತಿದ್ದೆ. ಕಂಡಕ್ಟರ್ ಬಂದು, "ಎಲ್ಲಿಗ್ರಿ?" ಎಂದ. ನನಗೆ ಊರಿನ ಹೆಸರು ಬರಲಿಲ್ಲ. ಎಷ್ಟೋ ವರ್ಷ ದಿನಾ ಹೇಳಿದ ಹೆಸರು! ಊರು ಕಣ್ಣ ಮುಂದಿದೆ, ಶಾಲೆಯ ಬೇವಿನ ಮರ ಕಾಣುತ್ತಿದೆ, ಹೆಸರು ಮಾತ್ರ ಇಲ್ಲ. ಅವನೇ ನಕ್ಕು, "ಕಮಲಾಪುರ ಅಲ್ಲೇನ್ರಿ ಮೇಡಂ? ದಿನಾ ಬರ್ತೀರಲ್ಲ" ಎಂದು ಟಿಕೆಟ್ ಹರಿದ. ನಾನೂ ನಕ್ಕೆ. ಆ ದಿನ ದಾರಿಯುದ್ದಕ್ಕೂ ತೊಗರಿ ಹೊಲಗಳನ್ನು ನೋಡುತ್ತಾ, ಕಮಲಾಪುರ, ಕಮಲಾಪುರ ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಾ ಹೋದೆ. ಅಷ್ಟು ಹೆದರಿಕೆಯಾಗಿತ್ತು.

ದಸರೆಯ ರಜೆಯಲ್ಲಿ ಸೇಡಂ ರಸ್ತೆಯ ಒಬ್ಬ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಎಲ್ಲ ಹೇಳಿ ಮುಗಿಸಿ, "ನನಗ ಹುಚ್ಚು ಹಿಡೀತದೇನ್ರಿ?" ಎಂದು ಕೇಳಿದೆ.

"ಏ, ಹಂಗೇನಿಲ್ಲ ತಗೋರಿ" ಎಂದರು. "ವೈರಸ್ ಹೋಗ್ಯಾದ, ಅದು ಎಬ್ಬಿಸಿದ ಗದ್ದಲ ಮೈಯಾಗ ಇನ್ನೂ ಇಳದಿಲ್ಲ. ಭಾಳ ಮಂದಿಗೆ ಹಿಂಗ ಆಗ್ಯಾದ. ಹಗಲೆಲ್ಲ ಕಂಡಿದ್ದು ಕೇಳಿದ್ದು ಮಿದುಳು ನಿದ್ದಿಯೊಳಗೇ ಹೊಂದಿಸಿ ಇಡ್ತದ್ರಿ. ನಿಮಗ ನಿದ್ದಿನೇ ಇಲ್ಲ, ಹೊಂದಿಸಿ ಇಡೋದು ಯಾವಾಗ?"

"ಗುಳಿಗಿ ಕೊಡ್ರಲ್ಲ."

"ಸ್ವಲ್ಪ ದಿನದ್ದು ಕೊಡ್ತೀನಿ. ಆದ್ರ ಇದಕ್ಕ ಟೈಮ್ ಬೇಕ್ರಿ. ಮಲಗೋದು ಏಳೋದು ಒಂದೇ ಹೊತ್ತಿಗೆ ಮಾಡ್ರಿ. ಸಂಜಿಗೆ ಚಾ ಬಿಡ್ರಿ. ಕೆಲಸ ಕಮ್ಮಿ ಮಾಡ್ಕೊಳ್ರಿ. ಶಾಲಿಯೊಳಗ ಹೇಳ್ರಿ, ಮುಚ್ಚಿಡಬ್ಯಾಡ್ರಿ."

ಎಷ್ಟು ತಿಂಗಳು ಎಂದು ಕೇಳಿದರೆ, ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು. ಸುಳ್ಳು ಹೇಳದ ಡಾಕ್ಟರು ಎಂದು ಈಗ ಗೌರವ ಬರುತ್ತದೆ, ಆಗ ಸಿಟ್ಟು ಬಂದಿತ್ತು. ಚಹಾ ಬಿಟ್ಟೆ. ಶಾಲೆಯಲ್ಲಿ ಹೇಳಲಿಲ್ಲ. ಗಣಿತದ ಟೀಚರಿಗೆ ತಲೆ ಕೆಟ್ಟಿದೆ ಎಂದು ಊರವರ ಬಾಯಿಗೆ ಬಿದ್ದರೆ ಯಾರು ತಮ್ಮ ಮಕ್ಕಳನ್ನು ನನ್ನೆದುರು ಕೂರಿಸುತ್ತಾರೆ? ವಿಜ್ಞಾನ ಕಲಿಸುವ ನಸ್ರೀನ್ ಒಬ್ಬಳಿಗೆ ಗೊತ್ತಿತ್ತು, ಅದೂ ನಾನು ಹೇಳಿ ಅಲ್ಲ. ಒಮ್ಮೆ ಸ್ಟಾಫ್ ರೂಮಿನಲ್ಲಿ ನಾನು ಒಂದೇ ಮಾತನ್ನು ಹತ್ತು ನಿಮಿಷದೊಳಗೆ ಮೂರು ಸಲ ಕೇಳಿದ್ದೆನಂತೆ. "ಅಕ್ಕಾ, ಭಾಳ ಥಕಾವಟ್ ಆಗ್ಯಾದ ನಿಮಗ. ಸ್ವಲ್ಪ ರಜಾ ಹಾಕ್ರಲ್ಲ" ಎಂದಳು. "ನನ್ನ ಕ್ಲಾಸ್ ನೀನ್ ತಗೋತಿ ಏನವಾ?" ಎಂದು ಹರಿಹಾಯ್ದೆ. ಪಾಪ, ತನ್ನ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದಳು.

ಮರೆವನ್ನು ಗೆಲ್ಲಲು ನಾನೊಂದು ಉಪಾಯ ಹುಡುಕಿಕೊಂಡಿದ್ದೆ. ಶಿಕ್ಷಕರಾದವರಿಗೆ ಗೊತ್ತು, ನಮ್ಮಲ್ಲಿ ಪಾಠ ಟಿಪ್ಪಣಿ ಎಂಬ ಪುಸ್ತಕವಿರುತ್ತದೆ. ಮುಂದಿನ ವಾರ ಯಾವ ಪಾಠದ ಎಷ್ಟು ಭಾಗ ಕಲಿಸುತ್ತೇವೆ ಎಂದು ಶನಿವಾರವೇ ಬರೆದು ಹೆಡ್‌ಮಾಸ್ತರರ ಸಹಿ ಹಾಕಿಸಬೇಕು. ಬರೆದದ್ದಕ್ಕೂ ಕಲಿಸಿದ್ದಕ್ಕೂ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ, ಅದನ್ನು ನಾವು ತಲೆಯಲ್ಲಿ ಸರಿಮಾಡಿಕೊಳ್ಳುತ್ತೇವೆ. ನನ್ನ ತಲೆಯ ಮೇಲೆ ನನಗೆ ನಂಬಿಕೆ ಹೋಗಿತ್ತಲ್ಲ, ಹಾಗಾಗಿ ಆ ಪುಸ್ತಕವನ್ನೇ ನಂಬಿದೆ. ಅದರಲ್ಲಿ ನನ್ನದೇ ದುಂಡು ಅಕ್ಷರ, ಕೆಳಗೆ ಸಹಿ. ಅದರಲ್ಲಿ ಇದ್ದದ್ದೆಲ್ಲ ಆಗಿದೆ ಎಂದು ಹಿಡಿದುಕೊಂಡು ಮುಂದೆ ಮುಂದೆ ನಡೆದೆ. ಚಳಿಗಾಲ ಹೀಗೇ ಕಳೆಯಿತು. ತೊಗರಿ ಕೊಯ್ಲಾಯಿತು, ಹೊಲಗಳು ಬಯಲಾದವು, ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಣ್ಣು ಬಿಟ್ಟುಕೊಂಡೇ ಹೋಗಿ ಬಂದೆ. ಜನವರಿಗೆ ಪಾಠ ಮುಗಿದವು ಎಂದು ಹೆಡ್‌ಮಾಸ್ತರರಿಗೆ ಹೇಳಿದಾಗ, "ಶಾಂತಾ ಮೇಡಂ ಅಂದ್ರ ಇದು" ಎಂದು ಹೊಗಳಿದರು.

ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಭಾನುವಾರ ಮನೆಯಲ್ಲಿ ಉತ್ತರಪತ್ರಿಕೆ ತಿದ್ದಲು ಕುಳಿತೆ. ಮೊದಲ ಪತ್ರಿಕೆಯಲ್ಲಿ ವರ್ಗ ಸಮೀಕರಣದ ಪ್ರಶ್ನೆಗಳೆಲ್ಲ ಖಾಲಿ. ಎರಡನೆಯದರಲ್ಲೂ ಖಾಲಿ. ಹತ್ತು ನೋಡಿದೆ, ಇಪ್ಪತ್ತು ನೋಡಿದೆ. ಸಂಖ್ಯೆ ಬರೆದು, ಎದುರಿಗೆ ಏನೂ ಬರೆಯದೆ ಬಿಟ್ಟಿದ್ದವು. ನಲವತ್ತಕ್ಕೆ ನಲವತ್ತೂ ಹಾಗೆಯೇ. ಪರೀಕ್ಷೆಗೆ ಇಂಥ ಪಾಠ ಬಿಟ್ಟು ಹೋದರೆ ಅರ್ಧ ಕ್ಲಾಸು ಪಾಸಾಗುವುದಿಲ್ಲ. ನನ್ನ ಮೈ ಉರಿದುಹೋಯಿತು.

ಸೋಮವಾರ ಪತ್ರಿಕೆಗಳ ಕಟ್ಟನ್ನು ಟೇಬಲ್ಲಿಗೆ ಬಡಿದು ಕೂಗಾಡಿದೆ. "ನಾಚಿಗಿ ಆಗಂಗಿಲ್ಲೇನ್ರೋ? ಬಂಗಾರದಂಥ ಪಾಠ ಹೇಳೀನಿ. ಒಬ್ಬರಿಗಾದ್ರೂ ಒಂದು ಲೈನ್ ಬರಬಾರದೇನು? ನೀವು ದನಾ ಕಾಯಾಕೂ ಲಾಯಕ್ ಇಲ್ಲ!" ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಕೊನೆಗೆ ಎರಡನೆಯ ಬೆಂಚಿನ ಸವಿತಾ ಎದ್ದು ನಿಂತಳು. ಹತ್ತಿರದ ಹಳ್ಳಿಯಿಂದ ನಡೆದು ಬರುವ ಹುಡುಗಿ, ಕ್ಲಾಸಿಗೇ ಜಾಣೆ.

"ಆ ಪಾಠ ಇನ್ನಾ ಆಗಿಲ್ರಿ ಮೇಡಂ" ಎಂದಳು.

"ಏನಂದಿ?" ಪಾಠ ಟಿಪ್ಪಣಿ ತೆರೆದು ಅವಳ ಮೂಗಿಗೆ ಹಿಡಿದೆ. "ಓದು ಇದನ್ನ. ನವೆಂಬರ್. ವರ್ಗ ಸಮೀಕರಣ. ಎರಡು ವಾರ. ಯಾರ ಅಕ್ಷರ ಇದು?"

ಅವಳು ತನ್ನ ನೋಟ್ ಪುಸ್ತಕ ತಂದು ಟೇಬಲ್ಲಿನ ಮೇಲಿಟ್ಟಳು. ತಾರೀಖು ಹಾಕಿ ಬರೆದಿದ್ದಳು. ಅಕ್ಟೋಬರಿನಲ್ಲಿ ನಿರ್ದೇಶಾಂಕ ರೇಖಾಗಣಿತ, ಎರಡು ವಾರ. ನವೆಂಬರಿನಲ್ಲಿ ಮತ್ತೆ ನಿರ್ದೇಶಾಂಕ ರೇಖಾಗಣಿತ, ಎರಡು ವಾರ. ಅವೇ ಲೆಕ್ಕ, ಅವೇ ಚಿತ್ರ, ನಾನು ಹೇಳುವ ಅವೇ ಉದಾಹರಣೆ. ಕೆಳಗೆ ನನ್ನದೇ ಕೆಂಪು ಟಿಕ್ಕು, ಎರಡೂ ಕಡೆ. ದೀಪಾವಳಿ ರಜೆ ಮುಗಿಸಿ ಬಂದವಳು ಪಠ್ಯಪುಸ್ತಕ ತೆರೆದಿರಬೇಕು, ಅದು ರೂಢಿಯಾದ ಪುಟದಲ್ಲೇ ತೆರೆದುಕೊಂಡಿರಬೇಕು, ನಾನು ಶುರುಮಾಡಿರಬೇಕು. ಎಲ್ಲ 'ಬೇಕು'ಗಳೇ. ನನಗೆ ಒಂದು ಕ್ಷಣವೂ ನೆನಪಿಲ್ಲ. ಇನ್ನೊಂದು ಪುಸ್ತಕ ತರಿಸಿದೆ, ಮತ್ತೊಂದು ತರಿಸಿದೆ. ನಲವತ್ತು ಮಕ್ಕಳು ಒಂದೇ ಪಾಠವನ್ನು ಎರಡನೆಯ ಸಲ, ಮೊದಲ ಸಲದಷ್ಟೇ ಚೊಕ್ಕವಾಗಿ ಬರೆದುಕೊಂಡಿದ್ದವು.

ಕುರ್ಚಿ ಎಳೆದುಕೊಂಡು ಕುಳಿತೆ. "ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಸವಿತಾ ಹಿಂದೆ ತಿರುಗಿ ಉಳಿದವರನ್ನು ನೋಡಿದಳು, ಆಮೇಲೆ ಹೇಳಿದಳು: "ನಮ್ಮವ್ವಗೂ ಹಿಂಗೇ ಆಗ್ಯಾದ್ರಿ ಮೇಡಂ. ಆ ಬ್ಯಾನಿ ಬಂದು ಹೋದಾಗಿಂದ ನಿದ್ದಿಲ್ಲ. ಬ್ಯಾಳಿಗೆ ಎರಡೆರಡು ಸಲ ಉಪ್ಪು ಹಾಕ್ತಾಳ. ಮೊದಲಿಗೆ ಹೇಳ್ತಿದ್ವಿ. ಹೇಳಿದ್ರ ಒಲಿ ಮುಂದ ಕುಂತು ಅಳ್ತಾಳ್ರಿ. ಅದಕ್ಕ ಈಗ ಸುಮ್ಮ ಉಣ್ತೀವಿ."

ಹಿಂದಿನ ಬೆಂಚಿನಿಂದ ಒಬ್ಬ, "ನೀವೂ ಅಳ್ತೀರಂತ ಹೇಳಲಿಲ್ರಿ" ಎಂದ.

ನಾನು ಅತ್ತೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಮಕ್ಕಳೆದುರು ಅತ್ತೆ. ಮರೆತದ್ದಕ್ಕೆ ಅಷ್ಟು ಸಂಕಟವಾಗಲಿಲ್ಲ. ಐದು ನಿಮಿಷದ ಹಿಂದೆ ಇದೇ ಮಕ್ಕಳನ್ನು ದನ ಕಾಯಲೂ ಲಾಯಕ್ಕಿಲ್ಲ ಎಂದಿದ್ದೆನಲ್ಲ, ಅದಕ್ಕೆ ಅತ್ತೆ. ನನ್ನ ಉಪ್ಪನ್ನು ಮೂರು ತಿಂಗಳು ತಿಂದು ಅವರು ತಮ್ಮ ಪರೀಕ್ಷೆಯನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಬೋರ್ಡ್ ಪರೀಕ್ಷೆಗೆ ಆರು ವಾರವೂ ಉಳಿದಿರಲಿಲ್ಲ.

ಅಲ್ಲಿಂದ ನೇರ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಒಂಬತ್ತು ತಿಂಗಳು ಬಾರದ ನಿದ್ದೆ, ಬಸ್ಸು, ಡಾಕ್ಟರು, ನೋಟ್ ಪುಸ್ತಕ ಎಲ್ಲ. "ನನ್ನಿಂದ ಆಗಂಗಿಲ್ರಿ ಸರ್. ಹತ್ತನೇದ್ದು ಬ್ಯಾರೇದವರಿಗೆ ಕೊಡ್ರಿ" ಎಂದೆ.

ಅವರು ಟೈಮ್‌ಟೇಬಲ್ ಎಳೆದುಕೊಂಡು ನೋಡಿದರು. "ಯಾರಿಗಿ ಕೊಡ್ಲಿ ಮೇಡಂ? ಗಣಿತದವರು ನೀವೊಬ್ಬರೇ ಇದ್ದೀರಿ" ಎಂದರು. ಟೈಮ್‌ಟೇಬಲ್ ಮಡಚಿಟ್ಟು, "ಸಹಿ ಹಾಕಿದಾಂವ ನಾ ಅದೀನಿ. ಒಂದ್ ದಿನಾನೂ ಕ್ಲಾಸಿಗೆ ಬಂದು ನೋಡಲಿಲ್ಲ. ತಪ್ಪು ನಂದೂ ಅದ" ಎಂದರು. ನಸ್ರೀನ್ ತನ್ನ ಮೂರು ಪಿರಿಯಡ್ ನನಗೆ ಬಿಟ್ಟುಕೊಟ್ಟಳು. ಒಂಬತ್ತನೆಯ ತರಗತಿಯ ಕೆಲಸವನ್ನೂ ತಾನೇ ಹೊತ್ತುಕೊಂಡಳು. ಅವಳನ್ನು ಕ್ಷಮೆ ಕೇಳಲು ಹೋದರೆ, "ಛೋಡೋ ಅಕ್ಕಾ, ಮೊದಲು ಮಕ್ಕಳದ್ದು ನೋಡ್ರಿ" ಎಂದು ಬಾಯಿ ಮುಚ್ಚಿಸಿದಳು.

ಮರುದಿನದಿಂದ ಹೊಸ ಪದ್ಧತಿ. ಪಾಠ ಟಿಪ್ಪಣಿಯನ್ನು ನಾನು ಮುಟ್ಟುವಂತಿಲ್ಲ. ನಿನ್ನೆ ಏನಾಯಿತು ಎಂದು ದಿನಾ ಮೊದಲು ಸವಿತಾ ಎದ್ದು ಓದುವುದು, ಅಲ್ಲಿಂದ ಮುಂದೆ ನಾನು ಹೇಳುವುದು. ನಡುವೆ ನಾನು ತಡವರಿಸಿದರೆ ಯಾರಾದರೂ ಕೂಗಿ ಹೇಳಬೇಕು. ಮೊದಲ ದಿನ ಅವರಿಗೂ ಅಂಜಿಕೆ, ನನಗೂ ಅವಮಾನ. ಮೂರನೆಯ ದಿನಕ್ಕೆ ಕೊನೆಯ ಬೆಂಚಿನವರೂ, "ಮೇಡಂ, ಅದು ಆಗ್ಯಾದ್ರಿ!" ಎಂದು ಗಂಟಲು ತೆಗೆದು ಕೂಗತೊಡಗಿದರು. ಹಾಜರಿಯನ್ನು ಪುಸ್ತಕ ನೋಡಿಯೇ ಕೂಗಿದೆ. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮರೆಯುವುದಕ್ಕಿಂತ, ಮರೆತದ್ದನ್ನು ಬಚ್ಚಿಡುವುದೇ ನನ್ನನ್ನು ಹೆಚ್ಚು ದಣಿಸಿತ್ತು ಎಂದು ಆಗ ತಿಳಿಯಿತು.

ಎರಡನೆಯ ವಾರದ ಒಂದು ಮಧ್ಯಾಹ್ನ, ಕೊನೆಯ ಪಿರಿಯಡ್. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ವರ್ಗ ಸಮೀಕರಣದ ಸೂತ್ರ ಹೇಳಿ ಮುಗಿಸಿ, ಎರಡು ಲೆಕ್ಕ ಮಾಡಿ ತೋರಿಸಿದ್ದೆ. ನಿಲ್ಲಲಾಗಲಿಲ್ಲ. "ಸವಿತಾ, ಮುಂದಿನದು ನೀ ಮಾಡು, ಎಲ್ಲಾರಿಗೂ ತಿಳಿಸಿ ಹೇಳು" ಎಂದು ಚಾಕ್‌ಪೀಸ್ ಅವಳ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕುಳಿತೆ. ಅವಳು ಬೋರ್ಡಿನ ಮೇಲೆ ಬರೆಯುವ ಟಕಟಕ ಸದ್ದು ಕೇಳುತ್ತಿತ್ತು. ಅಷ್ಟೇ ಗೊತ್ತು.

ಕಣ್ಣು ತೆರೆದಾಗ ನನ್ನ ತಲೆ ಟೇಬಲ್ಲಿನ ಮೇಲಿತ್ತು. ತೋಳಿಗೆ ಬಳೆ ಒತ್ತಿ ಗುರುತು ಬಿದ್ದಿತ್ತು. ನೆಲದ ಮೇಲಿದ್ದ ಕಿಟಕಿಯ ಬಿಸಿಲು ಎದುರು ಗೋಡೆಗೆ ಏರಿತ್ತು. ಶಾಲೆಯಲ್ಲಿ ಸದ್ದೇ ಇಲ್ಲ. ಗಡಿಯಾರ ನೋಡಿದೆ. ಶಾಲೆ ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ಗಂಟೆ ಬಾರಿಸಿದ್ದು ನನಗೆ ಕೇಳಿಸಿಲ್ಲ, ಇಡೀ ಶಾಲೆ ಕೂಗುತ್ತಾ ಹೊರಗೆ ಓಡಿದ್ದು ಕೇಳಿಸಿಲ್ಲ. ಒಂದು ಕನಸೂ ಇಲ್ಲದ, ಎದೆ ಡವಡವ ಎನ್ನದ ನಿದ್ದೆ. ಹತ್ತು ತಿಂಗಳಲ್ಲಿ ಅಂಥದ್ದು ಅದೇ ಮೊದಲು.

ತಲೆ ಎತ್ತಿದೆ. ನಲವತ್ತು ಮಕ್ಕಳೂ ಕುಳಿತಿದ್ದವು. ನಡೆದು ಹೋಗಬೇಕಾದವು, ಬಸ್ಸು ಹಿಡಿಯಬೇಕಾದವು, ಮನೆಗೆ ಹೋಗಿ ನೀರು ತರಬೇಕಾದವು, ಒಂದೂ ಎದ್ದಿರಲಿಲ್ಲ. ಸವಿತಾ ಬೋರ್ಡಿನ ತುಂಬ ಲೆಕ್ಕ ಮಾಡಿದ್ದಳು. ಉಸಿರು ಬಿಟ್ಟರೆ ನಾನು ಎದ್ದುಬಿಡುತ್ತೇನೆ ಎಂಬ ಹಾಗೆ ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಳು. ಉಳಿದವರು ಬಗ್ಗಿ ಬರೆಯುತ್ತಿದ್ದರು. ನಾನು ಎದ್ದದ್ದನ್ನು ಯಾರೂ ಇನ್ನೂ ನೋಡಿರಲಿಲ್ಲ.

ನಾನು ಬೋರ್ಡು ನೋಡಿದೆ. ಒಂದು ಲೆಕ್ಕ, ಎರಡು, ಮೂರು, ಸರಿ. ನಾಲ್ಕನೆಯದು ನೋಡುತ್ತಿದ್ದಂತೆ ಕಣ್ಣು ತಾನಾಗಿ ಎರಡನೆಯ ಸಾಲಿನಲ್ಲಿ ನಿಂತಿತು. ಐದರ ಹಿಂದೆ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಅದರಿಂದ ಕೆಳಗಿನ ಉತ್ತರವೆಲ್ಲ ತಿರುವುಮುರುವು. ನಾನು ಹುಡುಕಲಿಲ್ಲ, ಲೆಕ್ಕ ಹಾಕಲಿಲ್ಲ, ಸುಮ್ಮನೆ ಕಂಡಿತು. ಎಷ್ಟೋ ತಿಂಗಳಿಂದ ನನಗೆ ಹೀಗೆ ಏನೂ ಕಂಡಿರಲಿಲ್ಲ.

"ಏ ಸವಿತಾ!" ಎಂದೆ. "ಆ ಐದರ ಹಿಂದಿನ ಮೈನಸ್ ಯಾವ ಬಾವಿಗೆ ಹಾಕಿ ಬಂದಿಯವಾ? ಅದರ ಕೆಳಗ ಬರದಿದ್ದೆಲ್ಲಾ ಅಳಸು ಮೊದಲ!"

ಸವಿತಾ ಬೆಚ್ಚಿ ತಿರುಗಿದಳು. ಬೋರ್ಡು ನೋಡಿದಳು, ನನ್ನನ್ನು ನೋಡಿದಳು, ಡಸ್ಟರ್ ಕೈಯಲ್ಲೇ ಉಳಿಯಿತು. ಆಮೇಲೆ ಕೊನೆಯ ಬೆಂಚಿನಿಂದ ಯಾರೋ, ಪಕ್ಕದವರಿಗೆ ಹೇಳುವಷ್ಟು ಮೆಲ್ಲಗೆ, "ಮೇಡಂ ಬಂದ್ರಲೇ" ಎಂದರು.